ಗಿಲಾವಿನ ಹಿಂದಿನ ಬಾಗಿಲು

ಜಮಖಂಡಿಯಲ್ಲಿ ಜೈನ ಬಸದಿಯಿರುವ ಬಸ್ತಿ ಓಣಿಯ ಕಮಲಾಬಾಯಿಯ ಮನೆಯನ್ನು ಕೆಡವಬೇಕೋ ಉಳಿಸಬೇಕೋ ಎಂಬ ಮಾತು ಎರಡು ಮಳೆಗಾಲ ಎಳೆದಾಡಿತು. ಮಗ ವೃಷಭನಿಗೆ ಕೆಡವುವ ಮನಸ್ಸು. ಬನಹಟ್ಟಿಯಲ್ಲಿ ಅವನದು ನೂಲಿನ ಅಂಗಡಿ. ಮುಂಜಾನೆ ಹೋಗಿ, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಸೇರುವ ಮನುಷ್ಯ. ಮಾಳಿಗೆಯ ಮಣ್ಣು ತಾಟಿನಲ್ಲಿ ಉದುರಿದಾಗಲೆಲ್ಲ ಸ್ಲ್ಯಾಬಿನ ಮಾತು ತೆಗೆಯುತ್ತಿದ್ದ. ಅವನ ಹೆಂಡತಿ ಉಜ್ವಲಾ ಒಪ್ಪುತ್ತಿರಲಿಲ್ಲ. ತೇರದಾಳದಲ್ಲಿ ಅವಳ ತವರುಮನೆಯನ್ನು ಕೆಡವಿ ಮಳಿಗೆ ಸಾಲು ಕಟ್ಟಿಸಿದ್ದರು. ಅಂದಿನಿಂದ ಅವಳು ತವರಿಗೆ ಹೋದರೂ ವಸ್ತಿ ಇರುತ್ತಿರಲಿಲ್ಲ, ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದಳು.

ಖರೆ ಹೇಳಬೇಕೆಂದರೆ ಕಮಲಾಬಾಯಿಯ ಒಲವು ಮಗನ ಕಡೆಗೇ ಇತ್ತು. ಮದುವೆಯಾಗಿ ಬಂದಾಗಿನಿಂದ ಪ್ರತಿ ಆಷಾಢದಲ್ಲಿ ಮಾಳಿಗೆ ಹತ್ತಿ ಹುಲ್ಲು ಕಿತ್ತು, ಸೋರುವಲ್ಲಿ ಸವಳ ಮಣ್ಣು ಹಾಕಿಸಿ ಅವಳ ಜೀವ ಬೇಸತ್ತಿತ್ತು. ಆದರೆ ಸೊಸೆಯ ಮುಖ ನೋಡಿ ಬಾಯಿ ಬಿಡಲಿಲ್ಲ. ಕೊನೆಗೆ ಉಜ್ವಲಾ ಹುನ್ನೂರಿನಿಂದ ಗಿರಮಲ್ಲಪ್ಪನನ್ನು ಕರೆಸಿದಳು. ಹಳೆಯ ಮನೆಗಳ ಸುಣ್ಣದ ಕೆಲಸದಲ್ಲಿ ಪಳಗಿದ ಗೌಂಡಿ ಆತ. ಕಂಬ ಬಡಿದು ನೋಡಿದ, ತೊಲೆಗಳನ್ನು ಸಲಾಕಿಯಿಂದ ತಿವಿದು ನೋಡಿದ.

"ಕಟ್ಟಿಗಿ ಇನ್ನೂ ಗಟ್ಟಿ ಐತ್ರಿ. ರೋಗ ಇರೂದು ಗ್ವಾಡಿಗೆ. ನಡಕ ಯಾರೋ ಸಿಮಿಟ್ ಗಿಲಾವ್ ಮಾಡ್ಯಾರ, ಹಸಿ ಒಳಗ ಕುಂತೈತಿ. ಅದನ್ನ ಕೆತ್ತಿ ಸುಣ್ಣದ ಗಿಲಾವ್ ಹಚ್ಚಿದ್ರ ಆತು," ಎಂದ.

ವೃಷಭ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. "ಮಾಡಸ್ರಿ ಹಂಗಾರ," ಎಂದು ಬೈಕು ಹತ್ತಿ ಹೋದ.

ಶಿವರಾತ್ರಿ ಕಳೆದ ಮೇಲೆ ಕೆಲಸ ಹಿಡಿದರು. ಅಂಗಳದಲ್ಲಿ ಸುಣ್ಣ ಕೊಳೆಯಿತು. ಅದಕ್ಕೆ ಬೆರೆಸಲು ಮುಧೋಳದ ಕಡೆಯಿಂದ ಬೆಲ್ಲ ಬಂತು, ಅಳಲೆಕಾಯಿ ನೆನೆಯಿತು. ಮನೆ ತುಂಬ ಹುಳಿ-ಸಿಹಿ ವಾಸನೆ. ಪಡಸಾಲೆಯ ಕಂಬಗಳ ಎಣ್ಣೆಬಣ್ಣ ಕೆರೆದಾಗ ಒಳಗಿಂದ ಕೆಂಪು ತೇಗು ಹೊರಬಿತ್ತು. ಕಮಲಾಬಾಯಿ ಒಮ್ಮೆ ಯಾರೂ ಇಲ್ಲದಾಗ ಕಂಬಕ್ಕೆ ಅಂಗೈ ಆನಿಸಿ ನಿಂತಳು. ತಾನು ಹೊಸದಾಗಿ ಬಂದಾಗ ಈ ಕಂಬ ಹೀಗೇ ಇತ್ತು. ಇಷ್ಟು ವರ್ಷ ಬೈದುಕೊಂಡ ಮನೆ ಇಷ್ಟು ಚೆಂದವಿತ್ತೇ ಎನಿಸಿತು.

ನಡುಮನೆಯ ಗೋಡೆ ಕೆತ್ತುವ ದಿನ ಅವಳು ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದಳು. ಒಳಗೆ ಬಡಿಯುವ ಸಪ್ಪಳ ನಿಂತಿತು. ಉಜ್ವಲಾ ಬಂದು ಕರೆದಳು.

"ಅತ್ತೀ, ಬರ್ರಿಲ್ಲೆ. ಗ್ವಾಡ್ಯಾಗ ಬಾಗಲಾ ಐತಿ."

ಗಿಲಾವು ಉದುರಿದ ಕಡೆ ಚೌಕಟ್ಟಿನ ಮೇಲ್ಪಟ್ಟಿ ಕಾಣುತ್ತಿತ್ತು. ಮೇಲೆ ಸಣ್ಣ ಕಮಲದ ಕೆತ್ತನೆ. ಚೌಕಟ್ಟಿನೊಳಗೆ ಇಟ್ಟಂಗಿ ತುಂಬಿತ್ತು. ಉಜ್ವಲಾಳ ಕಣ್ಣು ಹೊಳೆಯುತ್ತಿದ್ದವು. ಅವಳಿಗೆ ಇದು ಹೊಸ ಸಂಗತಿ. ವೃಷಭನಿಗೂ ಸರಿಯಾದ ನೆನಪಿಲ್ಲ, ಬಾಗಿಲು ಮುಚ್ಚಿದಾಗ ಅವನಿನ್ನೂ ಸಾಲಿ ಕಂಡಿರಲಿಲ್ಲ.

"ಐತಿ," ಎಂದಳು ಕಮಲಾಬಾಯಿ. "ಆಚಿ ಕಡೆ ನಿಮ್ಮ ದೊಡ್ಡತ್ತಿ ಮನಿ."

ಆಚೆ ಕಡೆ ಇದ್ದವಳು ಚಂಪಾಬಾಯಿ, ಕಮಲಾಬಾಯಿಯ ಭಾವನ ಹೆಂಡತಿ, ಅವಳ ನೆಗೆಣ್ಣಿ. ಒಂದು ಕಾಲಕ್ಕೆ ಎರಡೂ ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ಮನೆಯನ್ನು ಸರಿಯಾಗಿ ಅರ್ಧ ಮಾಡಿಕೊಂಡರು, ಹೊಲ ಹಂಚಿಕೊಂಡರು, ಪಾತ್ರೆ ಪಡಗವನ್ನೂ ಹಂಚಿಕೊಂಡರು. ಒಂದಕ್ಕೂ ಜಗಳ ಬರಲಿಲ್ಲ. ಜಗಳ ಬಂದದ್ದು ದೇವರಿಗೆ. ಮನೆತನದ ಪಾರ್ಶ್ವನಾಥನ ಹಿತ್ತಾಳೆಯ ಮೂರ್ತಿ ಅಣ್ಣನ ಪಾಲಿನ ಕೋಣೆಯಲ್ಲಿತ್ತು. ವರ್ಷಕ್ಕೊಮ್ಮೆ ನಮ್ಮ ಕಡೆಗೂ ಬರಲಿ ಎಂದ ತಮ್ಮ. "ದೇವರೇನು ಬಾಡಗಿ ಮನಿಯವ್ರೇನು, ವರ್ಷಾ ಮನಿ ಬದಲಿ ಮಾಡಾಕ," ಎಂದ ಅಣ್ಣ. ಮಾತಿಗೆ ಮಾತು ಬೆಳೆಯಿತು. ಕಮಲಾಬಾಯಿಯ ಗಂಡ ಅವತ್ತೇ ಇಟ್ಟಂಗಿ ತರಿಸಿ, ಕೆಸರು ಕಲಸಿ, ನಡುಮನೆಯ ಬಾಗಿಲನ್ನು ತಾನೇ ಮುಚ್ಚತೊಡಗಿದ.

ಕಮಲಾಬಾಯಿ ಹಿಂದೆ ನಿಂತಿದ್ದಳು. ಗೋಡೆ ಎದೆಮಟ್ಟ ಬಂದಾಗ ಆಚೆಯಿಂದ ಒಂದು ಕೈ ಚಾಚಿತು. ಕೈಯಲ್ಲಿ ಹೆಪ್ಪಿನ ಬಟ್ಟಲು. ದಿನಾ ಸಂಜೆಗೆ ಒಂದೇ ಹೆಪ್ಪಿನಿಂದ ಎರಡು ಒಲೆಯ ಹಾಲು ಹೆಪ್ಪಾಗುತ್ತಿತ್ತು. ಅವತ್ತಿನದನ್ನು ಚಂಪಾಬಾಯಿ ಕೊಡಲು ಬಂದಿದ್ದಳು, ಜಗಳ ಗಂಡಸರದು ಎಂಬಂತೆ. ಗಂಡ ತಿರುಗಿ ಕಮಲಾಬಾಯಿಯ ಮುಖ ನೋಡಿದ. ಅವಳು ಕೈ ಮುಂದೆ ಮಾಡಲಿಲ್ಲ. ಆಚೆಯ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹಿಂದೆ ಸರಿಯಿತು.

ಮುಂದೆ ಮೂವತ್ತು ವರ್ಷದ ಮೇಲಾಯಿತು. ಗಂಡಸರಿಬ್ಬರೂ ಹೋದರು. ಭಾವ ತೀರಿಕೊಂಡಾಗ ಕಮಲಾಬಾಯಿ ಹೋಗಿ ಹೆಂಗಸರ ನಡುವೆ ಕೂತು ಬಂದಳು. ತನ್ನ ಗಂಡ ಹೋದಾಗ ಚಂಪಾಬಾಯಿಯೂ ಬಂದು ಕೂತಳು. ಮಾತಿಲ್ಲ. ಮಕ್ಕಳು ಮಾತಾಡುತ್ತಿದ್ದರು. ವೃಷಭನೂ ಚಂಪಾಬಾಯಿಯ ಮಗ ಶೀತಲನೂ ಬನಹಟ್ಟಿ ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದರು. ಜಗಳ ಯಾವಾಗಲೋ ಸತ್ತಿತ್ತು, ಆದರೆ ಮಾತು ಹುಟ್ಟಲಿಲ್ಲ, ಅಷ್ಟೇ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಾಗ ಬಸ್ತಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ವರ್ಷದ ತಪ್ಪಿಗೆ ಕ್ಷಮೆ ಬೇಡುತ್ತಾರೆ. ಕಮಲಾಬಾಯಿ ಗುರುತಿಲ್ಲದ ಸಣ್ಣ ಹುಡುಗಿಯರಿಗೂ ಕೈಮುಗಿಯುತ್ತಿದ್ದಳು. ಚಂಪಾಬಾಯಿ ಇದ್ದ ಕಂಬದ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ಅವಳೂ ಇತ್ತ ಬರುತ್ತಿರಲಿಲ್ಲ. ಯಾರು ಮೊದಲು ಎಂಬುದೊಂದೇ ಉಳಿದಿತ್ತು.

ಆದರೂ ಗೋಡೆಯ ಆಚೆಯದೆಲ್ಲ ಕಮಲಾಬಾಯಿಗೆ ಗೊತ್ತಾಗುತ್ತಿತ್ತು. ಬೆಳಗಿನ ಣಮೋಕಾರ ಮಂತ್ರದ ಗುನುಗು, ರೊಟ್ಟಿ ಬಡಿಯುವ ಸಪ್ಪಳ, ಮೊಮ್ಮಗ ಹುಟ್ಟಿದಾಗಿನ ಅಳು, ಈಚಿನ ವರ್ಷಗಳ ಕೆಮ್ಮು. ಒಂದು ದಿನ ಗುನುಗು ಕೇಳದಿದ್ದರೆ ಇವಳಿಗೆ ಚಹಾ ರುಚಿಸುತ್ತಿರಲಿಲ್ಲ.

"ತಗಸೂನ್ರೀ ಅತ್ತಿ," ಎಂದಳು ಉಜ್ವಲಾ. "ಶೀತಲ್ ಭಾವಗ ಇವರು ಫೋನ್ ಮಾಡ್ತಾರ. ಅವರೂ ಬ್ಯಾಡ ಅನ್ನಂಗಿಲ್ಲ."

"ಫೋನ್ ಬ್ಯಾಡ," ಎಂದಳು ಕಮಲಾಬಾಯಿ. "ಇದು ನಂದೂ ಅಕ್ಕಂದೂ ಮಾತು. ನಾನ ಕೇಳ್ತೀನಿ."

ಕೇಳುವುದು ಹೇಗೆಂದು ಯೋಚಿಸುತ್ತಲೇ ವಾರಗಳು ಕಳೆದವು. ಗಿರಮಲ್ಲಪ್ಪ ಆ ಗೋಡೆಯನ್ನು ಹಾಗೇ ಬಿಟ್ಟು ಅಡುಗೆಮನೆಗೆ ಕೈಹಾಕಿದ. ಗಿಲಾವು ಹೋಗಿದ್ದರಿಂದ ಆಚೆಯ ಸಪ್ಪಳ ಮೊದಲಿಗಿಂತ ನಿಚ್ಚಳವಾಗಿ ಕೇಳುತ್ತಿತ್ತು. ಒಂದು ಮಧ್ಯಾಹ್ನ ಆಳುಗಳು ಊಟಕ್ಕೆ ಕೂತಿದ್ದರು, ಉಜ್ವಲಾ ಪೇಟೆಗೆ ಹೋಗಿದ್ದಳು. ಕಮಲಾಬಾಯಿ ನಡುಮನೆಯಲ್ಲಿ ಚೌಕಟ್ಟಿನ ಕೆಳಗೆ ಕೂತು, ಕಮಲದ ಕೆತ್ತನೆಯಿಂದ ಉದುರಿದ ಸಿಮೆಂಟಿನ ಪುಡಿಯನ್ನು ಬಳಿಯುತ್ತಿದ್ದಳು.

"ಕಮಲಾ."

ಆಚೆಯಿಂದಲೇ ಬಂದ ದನಿ. ಕಮಲಾಬಾಯಿಯ ಕೈಯಲ್ಲಿನ ಕಸಬರಿಗೆ ನಿಂತಿತು.

"ಬಾಗಲಾ ಸಿಕ್ಕಿತೇನು?"

"ಸಿಕ್ಕೈತಿ," ಎಂದಳು.

"ತಗೀತೀರೇನು?"

"ತಗೀತೀವಿ ಅಕ್ಕಾ. ಕ್ಷಮಾವಾಣಿಗೆ."

ಆ ದಿನ ಅವಳ ಬಾಯಿಗೆ ಹೇಗೆ ಬಂತೋ ಅವಳಿಗೇ ತಿಳಿಯದು. ಆದರೆ ಬಂದ ಮೇಲೆ ಅದೇ ಸರಿ ಎನಿಸಿತು. ಮನೆಯೆಲ್ಲ ಸುಣ್ಣ ಬಳಿದು ಬೆಳ್ಳಗಾಗಿರುತ್ತದೆ, ಚೌಕಟ್ಟು ಎಣ್ಣೆ ಕುಡಿದು ಮಿಂಚುತ್ತಿರುತ್ತದೆ. ಹೊಸ ಸೀರೆ ಉಟ್ಟು ದಾಟಿಹೋಗಿ ಕೈಮುಗಿಯಬೇಕು.

ಆಚೆಯಿಂದ ಮತ್ತೆ ದನಿ ಬಂತು.

"ಅಷ್ಟ ದಿನಾ ಯಾಕ?"

"ಕೆಲಸ ಮುಗೀಲಿ. ಛಂದ ಆಗಲಿ ಅಂತ."

"ಆತು," ಎಂದಳು ಚಂಪಾಬಾಯಿ. ಆಮೇಲೆ ಕೆಮ್ಮು, ಚಾಪೆ ಎಳೆದ ಸಪ್ಪಳ.

ಕಮಲಾಬಾಯಿ ಯಾರಿಗೂ ಈ ಮಾತು ಹೇಳಲಿಲ್ಲ. ಹೇಳಿದರೆ ಉಜ್ವಲಾ ಅಂದೇ ಇಟ್ಟಂಗಿ ಕೀಳಿಸುತ್ತಿದ್ದಳು. ಗಿರಮಲ್ಲಪ್ಪನಿಗೆ ಮಾತ್ರ, "ಕ್ಷಮಾವಾಣಿಗೆ ತಗಿಯೋಣಪಾ," ಎಂದಳು. ಅವನು, "ಈಗ ತಗದ್ರ ಒಂದ ಹೊತ್ತಿನ ಕೆಲಸ ಐತ್ರಿ, ಕೆಸರ ಸಡ್ಲ ಆಗೈತಿ," ಎಂದ. ಇವಳು ಕೇಳಿಸಿಕೊಳ್ಳಲಿಲ್ಲ. ಮನಸ್ಸು ಹಗುರಾಗಿತ್ತು. ರಬಕವಿಯಿಂದ ಎರಡು ಸೀರೆ ತರಿಸಿದಳು, ಒಂದು ತನಗೆ, ಒಂದು ಅಕ್ಕನಿಗೆ. ಒಮ್ಮೊಮ್ಮೆ ಬೀದಿಯ ಬಾಗಿಲಿನಿಂದಲೇ ಹೋಗಿ ಬರಲೇ ಎನಿಸುತ್ತಿತ್ತು. ಒಂದು ದಿನ ಚಂಪಾಬಾಯಿಯ ಕಟ್ಟೆಯವರೆಗೆ ಹೋದಳು. ಒಳಗೆ ಯಾರೋ ಬೀಗರು ಕೂತಿದ್ದು ಕಂಡು, ಇನ್ನು ಬಾಗಿಲೇ ತೆರೆಯುತ್ತದಲ್ಲ ಎಂದು ತಿರುಗಿ ಬಂದಳು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗುನುಗು ಕೇಳಲಿಲ್ಲ. ಕಮಲಾಬಾಯಿ ಒಲೆಯ ಮುಂದೆ ಕಿವಿಗೊಟ್ಟು ಕೂತಳು. ಆಮೇಲೆ ಆಚೆ ಓಡಾಟದ ಸಪ್ಪಳ, ಶೀತಲನ ಹೆಂಡತಿಯ ದನಿ, ಬೀದಿಯಲ್ಲಿ ಕಾರು. ವೃಷಭ ಹೊರಗೆ ಓಡಿಹೋಗಿ ಬಂದು, "ದೊಡ್ಡವ್ವಗ ಲಕ್ವಾ ಹೊಡದೈತಿ. ಮೀರಜದ ದವಾಖಾನಿಗೆ ಒಯ್ಯಾಕತ್ತಾರ," ಎಂದ.

ಚಂಪಾಬಾಯಿ ಮೀರಜದಿಂದ ಜೀವಂತ ಬಂದಳು. ಬಲಗೈ ಬಲಗಾಲು ಹೋಗಿದ್ದವು. ಮಾತು ಹೋಗಿತ್ತು. ಕಮಲಾಬಾಯಿ ಅವತ್ತು ಬೀದಿಗುಂಟ ಹೋದಳು, ಯಾವ ಸೀರೆ ಉಟ್ಟಿದ್ದೇನೆ ಎಂಬುದೂ ನೆನಪಿರಲಿಲ್ಲ. ಮಂಚದ ಹತ್ತಿರ ಬಾಗಿ, "ಅಕ್ಕಾ, ನಾ ಕಮಲಾ," ಎಂದಳು. ಚಂಪಾಬಾಯಿಯ ಕಣ್ಣು ಇವಳ ಮುಖದ ಮೇಲೆ ಬಂದು, ನಿಂತು, ಮಾಡಿನ ಜಂತಿಗಳ ಕಡೆಗೆ ಹೋದವು. "ನನ್ನೂ ಗುರ್ತ ಹಿಡಿಯೂದಿಲ್ರೀ ಕಾಕು," ಎಂದ ಶೀತಲ, ಸಮಾಧಾನ ಮಾಡುವವನಂತೆ.

ಮನೆಗೆ ಬಂದವಳೇ ಗಿರಮಲ್ಲಪ್ಪನಿಗೆ, "ಇವತ್ತ ತಗಿ ಬಾಗಲಾ," ಎಂದಳು. ಈ ಸಲ ಬೇಡ ಎಂದವಳು ಉಜ್ವಲಾ. ಆಚೆ ಕಡೆ ಧೂಳು ಆಗಬಾರದೆಂದು ಡಾಕ್ಟರರು ಹೇಳಿದ್ದಾರೆ, ಕೆಲವು ದಿನ ತಡೆಯೋಣ ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೀಗಾಗಿ ಬಾಗಿಲು ತೆರೆದದ್ದು ಕೊನೆಗೂ ಕ್ಷಮಾವಾಣಿಯ ದಿನವೇ.

ಇಟ್ಟಂಗಿ ಸಲೀಸಾಗಿ ಬಂದವು. ಆಚೆ ಬದಿಯವರು ಗೋಡೆಗೆ ಗಿಲಾವನ್ನೇ ಮಾಡಿಸಿರಲಿಲ್ಲ, ಮೇಲೆ ಒಂದು ಪರದೆ ಇಳಿಬಿಟ್ಟಿದ್ದರು. ಚೌಕಟ್ಟಿನ ಆ ಮಗ್ಗುಲು ಒಂದಿಷ್ಟೂ ಧೂಳಿಲ್ಲದೆ, ಎಣ್ಣೆ ಒರೆಸಿದಂತೆ ಕರ್ರಗೆ ಹೊಳೆಯುತ್ತಿತ್ತು. "ನಮ್ಮತ್ತಿ ದೀಪಾವಳಿಗೊಮ್ಮೆ ಒರಸ್ತಿದ್ರು," ಎಂದಳು ಶೀತಲನ ಹೆಂಡತಿ. ಕಮಲಾಬಾಯಿ ಅಕ್ಕನಿಗೆ ತಂದ ಹೊಸ ಸೀರೆಯನ್ನು ಮಡಿಕೆ ಬಿಚ್ಚದೆ ಮಂಚದ ತುದಿಗೆ ಇಟ್ಟು, ಕೈಜೋಡಿಸಿದಳು.

"ಉತ್ತಮ ಕ್ಷಮಾ ಅಕ್ಕಾ. ಎಲ್ಲಾ ತಪ್ಪಿಗೂ."

ಚಂಪಾಬಾಯಿ ಜಂತಿ ನೋಡುತ್ತಿದ್ದಳು.

ಓಣಿಯವರು ಗುಂಪಾಗಿ ಬಂದು ನೋಡಿದರು. ಬಸ್ತಿಯಲ್ಲಿ ಅದೇ ಮಾತು. ಇಂಥ ದಿನ ಹುಡುಕಿ ಬಾಗಿಲು ತೆಗೆಸಬೇಕಾದರೆ ಎಂಥ ದೊಡ್ಡ ಮನಸ್ಸು ಎಂದರು. ಮನೆ ನೋಡಲು ಬೀಳಗಿಯಿಂದ, ಬೆಳಗಾವಿಯಿಂದ ಜನ ಬರತೊಡಗಿದರು. ಉಜ್ವಲಾ ಎಲ್ಲರಿಗೂ ಕಂಬ ತೋರಿಸಿ, ಸುಣ್ಣದ ಗೋಡೆ ಮುಟ್ಟಿಸಿ, ನಡುಮನೆಗೆ ಕರೆತರುತ್ತಿದ್ದಳು. "ನಮ್ಮ ಅತ್ತಿನ ಹೇಳಿದ್ರು, ಕ್ಷಮಾವಾಣಿ ದಿನಾನ ತಗಿಬೇಕಂತ," ಎಂದು ಗಿರಮಲ್ಲಪ್ಪ ತಿಳಿಸಿದ್ದನ್ನು ಹೇಳುತ್ತಿದ್ದಳು, ಒಳ್ಳೆಯ ಮನಸ್ಸಿನಿಂದಲೇ. ಬಂದವರು ಕಮಲಾಬಾಯಿಗೆ ಕೈಮುಗಿಯುತ್ತಿದ್ದರು. ಅವಳಿಗೆ ಅಲ್ಲಿ ಕೂಡಲಾಗುತ್ತಿರಲಿಲ್ಲ. ಎದ್ದು ಹೊಸ್ತಿಲು ದಾಟಿ ಆಚೆ ಹೋಗುತ್ತಿದ್ದಳು.

ಈಗ ಅವಳ ಮಧ್ಯಾಹ್ನಗಳೆಲ್ಲ ಅಲ್ಲೇ. ಚಂಪಾಬಾಯಿಯ ತಲೆ ಬಾಚುತ್ತಾಳೆ, ಹೊತ್ತಿರುವಾಗಲೇ ಅಂಬಲಿ ಕುಡಿಸುತ್ತಾಳೆ, ಸತ್ತ ಕೈಗೆ ಎಣ್ಣೆ ತಿಕ್ಕುತ್ತಾಳೆ. ಮತ್ತು ಮಾತಾಡುತ್ತಾಳೆ. ಗಂಡನ ಸಿಟ್ಟು, ಮಗನ ಮದುವೆಯಲ್ಲಿ ಕಡಿಮೆ ಬಿದ್ದ ಹೋಳಿಗೆ, ತವರಿನಲ್ಲಿ ಸತ್ತ ತಂಗಿ. ಯಾವುದೂ ಬಿಡುವುದಿಲ್ಲ. "ಕಾಕು ಇಷ್ಟ ಮಾತಾಡ್ತಾರಂತ ನಮಗ ಗೊತ್ತ ಇರಲಿಲ್ಲ," ಎಂದು ಶೀತಲನ ಹೆಂಡತಿ ಉಜ್ವಲಾಳ ಮುಂದೆ ಅಂದಳಂತೆ.

ಮೊನ್ನೆ ಮನೆ ನೋಡುವವರು ಹೋದ ಮೇಲೆ ಕಮಲಾಬಾಯಿ ಮಂಚದ ಪಕ್ಕ ಬಂದು ಕೂತಳು. ಹೊರಗೆ ಯಾರೂ ಇರಲಿಲ್ಲ.

"ಅವತ್ತ ನೀ ಕರದಾಗನ ನಾ ಓಣ್ಯಾಗಿಂದ ಬರಬೇಕಾಗಿತ್ತು ಅಕ್ಕಾ," ಎಂದಳು. "ಈ ಮಾತು ನಿನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಎಲ್ಲಾರೂ ನನ್ನ ಹೊಗಳಾಕತ್ತಾರ."

ಚಂಪಾಬಾಯಿಯ ಎಡಗೈ ಹೊದಿಕೆಯ ಅಂಚು ಹಿಡಿದು ಬಿಡುತ್ತಿತ್ತು, ಹಿಡಿದು ಬಿಡುತ್ತಿತ್ತು. ಅದು ಲಕ್ವಾ ಆದಾಗಿನಿಂದ ಬಂದ ಚಾಳಿ. ಕಮಲಾಬಾಯಿ ಅದಕ್ಕೆ ಯಾವ ಅರ್ಥವನ್ನೂ ಕಟ್ಟಲಿಲ್ಲ. ಎದ್ದು ಎಣ್ಣೆಯ ಬಟ್ಟಲು ಬೆಚ್ಚಗೆ ಮಾಡಲು ಒಲೆಯ ಕಡೆಗೆ ಹೋದಳು.