ಕಾಗದದ ಪಾದ

ಸೇತುವೆಯ ಆಚೆ ಮೋಡ ಒಗೆಯುವ ಮುದುಕಿಯೊಬ್ಬಳಿದ್ದಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಊರಿನ ಹೊಗೆಯಲ್ಲಿ ಓಡಾಡಿ ಕೊಳೆಯಾದ ಮೋಡಗಳನ್ನೆಲ್ಲ ಹಿಡಿದು ತಂದು, ತಿಕ್ಕಿ ತೊಳೆದು, ಬೆಳಕು ಹರಿಯುವ ಹೊತ್ತಿಗೆ ಹಗ್ಗದ ಮೇಲೆ ಹರವುತ್ತಾಳಂತೆ. ಸೂರ್ಯ ಸ್ವಲ್ಪ ಮೇಲೇರಿದನೋ, ಮಡಚಿ ಒಳಗಿಟ್ಟು ಬಾಗಿಲು ಹಾಕಿಕೊಳ್ಳುತ್ತಾಳಂತೆ.

“ಬಸ್ಸಲ್ಲಿ ಹೋದೋರಿಗೆ ಅವಳು ಕಾಣಲ್ಲ ಕಣೇ,” ಎಂದು ಅಜ್ಜಿ ದನಿ ತಗ್ಗಿಸುತ್ತಿದ್ದಳು. “ಕಾಲಲ್ಲಿ ಹೋದೋರಿಗೆ ಮಾತ್ರ.”

ಆ ಕಥೆ ಕೇಳುತ್ತಾ ಬೆಳೆದ ಮೊಮ್ಮಗಳು ಈಗ ಹೆಂಗಸರ ಉಡುಪು ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಅಲ್ಲಿ ಅವಳ ಹೆಸರೇ ಕತ್ತರಿ ಎಂದಾಗಿಹೋಗಿತ್ತು. ಅಜ್ಜಿಗೆ ಮಾತ್ರ ಅವಳಿನ್ನೂ ಗಾಳಿಪಟ. ಒಲೆಯ ಮೇಲೆ ಹಾಲಿಟ್ಟು, ಕಿಟಕಿಯಲ್ಲಿ ಆಕಾಶ ನೋಡುತ್ತಾ ನಿಂತು, ಪಾತ್ರೆ ಸೀದುಹೋದ ದಿನ ಅಂಟಿದ ಹೆಸರು ಅದು.

ಅಂಗಡಿಯಲ್ಲಿ ಕತ್ತರಿ ಗಾಳಿಪಟವಾಗಿರುತ್ತಿರಲಿಲ್ಲ. ಅಳತೆಯ ಟೇಪು ಕೊರಳಿಗೆ ಬಿತ್ತೆಂದರೆ ಅವಳ ದನಿಯೇ ಬೇರೆ. ಸೋಫಾದಲ್ಲಿ ಕುಳಿತೇ ಸೊಂಟದ ಅಳತೆ ಕೊಡಲು ಬರುವ ಗಿರಾಕಿಗಳಿಗೆ, “ಎದ್ದು ನಿಂತ್ಕೊಳ್ಳಿ ಮೇಡಂ. ಕೂತೋರ ಅಳತೆ ನಾನು ತಗೊಳ್ಳಲ್ಲ. ಆಮೇಲೆ ಬಟ್ಟೆ ನಿಮ್ಮನ್ನ ನಿಂತ್ಕೊಳ್ಳೋಕೆ ಬಿಡಲ್ಲ,” ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು.

ಬೆಳಿಗ್ಗೆ ಮಾತ್ರ ಅವಳು ಓಡುತ್ತಿದ್ದಳು. ಬೀದಿಯ ನಾಲ್ಕಾರು ಹೆಂಗಸರನ್ನು ಎಬ್ಬಿಸಿ ಓಡಿಸುತ್ತಿದ್ದವಳು ಶಾಲಾ ಬಸ್ಸಿನ ಚಾಲಕಿ. ಎಲ್ಲರೂ ಅವಳನ್ನು ಕ್ಯಾಪ್ಟನ್ ಅಕ್ಕ ಎನ್ನುತ್ತಿದ್ದರು. ಮಾರುಕಟ್ಟೆ ದಾಟಿ, ನದಿಯ ಬದಿ ಹಿಡಿದು, ಸೇತುವೆ ಹತ್ತಿ ಇಳಿದು ಹಿಂದಿರುಗುವುದು ಅವರ ದಾರಿ. ಕತ್ತರಿ ಒಮ್ಮೆಯೂ ಕಾಲಲ್ಲಿ ಸೇತುವೆ ಹತ್ತಿದ್ದೇ ಇರಲಿಲ್ಲ. ಅದರ ಬುಡಕ್ಕೆ ಬರುವಷ್ಟರಲ್ಲಿ ಅವಳ ಕಾಲ್ಬೆರಳುಗಳು ಮರಗಟ್ಟಿ ಯಾರದೋ ಬೆರಳುಗಳಾಗುತ್ತಿದ್ದವು. ಹೆಬ್ಬೆರಳ ಉಗುರು ಕಪ್ಪಾಗಿತ್ತು. ಟಾರು ರಸ್ತೆಯ ಒಂದೊಂದು ಪೆಟ್ಟೂ ಹಿಮ್ಮಡಿಯಿಂದ ನೇರ ಹಲ್ಲಿಗೆ ಬಂದು ಬಡಿಯುತ್ತಿತ್ತು. “ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ,” ಎಂದು ದೀಪದ ಕಂಬಕ್ಕೆ ಒರಗಿ, ಉಳಿದವರ ಬೆನ್ನು ನೋಡುತ್ತಾ ನಿಲ್ಲುವಳು. ತನ್ನ ಕಾಲೇ ಸರಿಯಿಲ್ಲ, ಓಡುವ ಕಾಲಲ್ಲ ಇದು ಎಂದು ಅವಳಿಗೆ ಅರ್ಧ ನಂಬಿಕೆ ಬಂದುಬಿಟ್ಟಿತ್ತು.

ಆ ಶನಿವಾರ ಬೆಳಿಗ್ಗೆ ಅದೇ ಕಂಬಕ್ಕೆ ಫಲಕವೊಂದು ನೇತುಬಿದ್ದಿತ್ತು. ದುರಸ್ತಿಗಾಗಿ ಸೋಮವಾರದಿಂದ ಸೇತುವೆ ಬಂದ್. ಯಾವಾಗ ತೆರೆಯುತ್ತಾರೆಂದು ಬರೆದಿರಲಿಲ್ಲ.

“ಅಂದ್ರೆ ನಾಳೇನೇ ಕೊನೆ,” ಎಂದಳು ಕ್ಯಾಪ್ಟನ್, ಬೆವರೊರೆಸಿಕೊಳ್ಳುತ್ತಾ. ಆಮೇಲೆ ಕತ್ತರಿಯ ಶೂ ನೋಡಿದಳು. “ಏನೇ ಇದು, ಅಟ್ಟೆ ಹಪ್ಪಳ ಆಗಿದೆ! ಇದನ್ನ ಹಾಕ್ಕೊಂಡು ನೀನು ದಿನಾ ಟಾರಿನ ಮೇಲೆ ಕುಟ್ತಿದ್ಯಾ? ಇವತ್ತು ಸಂಜೆ ಹೊಸದು ತಗೋತೀವಿ. ನಾನೂ ಬರ್ತೀನಿ.”

ಕತ್ತರಿ ಫಲಕವನ್ನು ಇನ್ನೊಮ್ಮೆ ಓದಿದಳು. ನಾಳೆ! ನಾಳೆ ದಾಟಿದರೆ ದಾಟಿದಂತೆ. ಅಂದು ಮಧ್ಯಾಹ್ನ ಅಂಗಡಿಯಲ್ಲಿ ಅವಳು ಒಂದೇ ರವಿಕೆಗೆ ಎರಡು ಎಡ ತೋಳು ಕತ್ತರಿಸಿದಳು.

ಹೊಸ ಶೂಗೆ ಅವಳು ತಯಾರಿ ಮಾಡಿಟ್ಟುಕೊಂಡೇ ಇದ್ದಳು. ಅವಳ ಚೀಲದಲ್ಲಿ ಕಾಗದದ ಪಾದವಿತ್ತು. ಕತ್ತರಿಸುವ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕುಳಿತು, ಕಂದು ಕಾಗದದ ಮೇಲೆ ಬರಿಗಾಲಿಟ್ಟು, ಸುತ್ತ ಪೆನ್ಸಿಲ್ ಎಳೆದು, ಗೆರೆಗೆ ಕೂದಲೆಳೆಯೂ ಆಚೀಚೆಯಾಗದಂತೆ ಕತ್ತರಿಸಿದ ಪಾದ. ಕಪ್ಪು ಉಗುರಿನ ಕಾಲನ್ನು ಶೂ ಅಂಗಡಿಯ ದೀಪದ ಕೆಳಗೆ ಯಾರೆದುರೂ ಬಿಚ್ಚಿಡಲು ಅವಳಿಗೆ ನಾಚಿಕೆ. ಈ ಪಾದವನ್ನು ಶೂ ಒಳಗೆ ಜಾರಿಸಿ ನೋಡಿದರೆ ಸಾಕು, ಕಾಲು ತೋರಿಸಬೇಕಾಗಿಯೇ ಇಲ್ಲ. ಹಳೆಯ ಶೂ ಆರಿಸಿದ್ದೂ ಇದರಿಂದಲೇ.

ಸಂಜೆ ಹೊರಡುವಾಗ ಅಜ್ಜಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

“ನೀನೆಲ್ಲಿಗೆ ಅಜ್ಜಿ? ಮಂಡಿ ನೋವು ಅಂತ ಬೆಳಿಗ್ಗೆಯಿಂದ ನರಳ್ತಿದ್ದೆ.”

“ಮಂಡಿ ಮನೇಲಿರ್ಲಿ, ನಾನು ಬರ್ತೀನಿ,” ಎಂದು ಅಜ್ಜಿ ಮೆಟ್ಟಿಲಿಳಿದೇಬಿಟ್ಟಳು.

ಶೂ ಅಂಗಡಿಯೆಂದರೆ ಗೋಡೆಯಿಡೀ ಬಣ್ಣ. ಕತ್ತರಿ ಒಳಗೆ ಕಾಲಿಟ್ಟು ಹಾಗೇ ನಿಂತುಬಿಟ್ಟಳು. ಒಂದೊಂದು ಶೂವೂ ಹಾರಲು ಸಿದ್ಧವಾಗಿ ಕುಳಿತ ಹಕ್ಕಿಯಂತೆ ಕಂಡಿತು. ಅವಳ ಕಣ್ಣು ಆಕಾಶನೀಲಿಯ ತೆಳ್ಳನೆಯ ಜೋಡಿಯೊಂದರ ಮೇಲೆ ಬಿತ್ತು.

“ಅದು ಪಂದ್ಯದಲ್ಲಿ ಓಡೋರದ್ದು,” ಎಂದಳು ಅಂಗಡಿಯಾಕೆ. “ನಿಮಗೆ ಯಾವುದಕ್ಕೆ?”

“ದಿನಾ ರಸ್ತೇಲಿ ಓಡೋದಕ್ಕೆ,” ಕ್ಯಾಪ್ಟನ್ ನಡುವೆ ಬಾಯಿ ಹಾಕಿದಳು. “ಪದಕ ಗೆಲ್ಲೋಕಲ್ಲ. ಮೆತ್ತಗಿರ್ಬೇಕು, ಮುಂದೆ ಜಾಗ ಇರ್ಬೇಕು. ನಾಳೆ ಓಡಿದ್ಮೇಲೆ ನಾಡಿದ್ದೂ ಓಡೋ ಹಾಗಿರ್ಬೇಕು.”

ಅಂಗಡಿಯಾಕೆ ಡಬ್ಬಿಗಳನ್ನು ತಂದು ಸುರಿದಳು. ಕತ್ತರಿ ಬೆಂಚಿನ ಮೇಲೆ ಕುಳಿತು, ಚೀಲದಿಂದ ಕಾಗದದ ಪಾದ ತೆಗೆದು ಮೊದಲ ಶೂ ಒಳಗೆ ಜಾರಿಸಿ, ಬೆರಳಿಂದ ಒತ್ತಿ ಸಮಮಾಡಿ, ಇಣುಕಿ ನೋಡಿದಳು. ಅಂಚಿಗೆ ಅಂಚು! ಅವಳ ಮುಖ ಅರಳಿತು. “ಇದೇ. ಅಚ್ಚೊತ್ತಿದ ಹಾಗಿದೆ.”

“ಹಾಕ್ಕೊಂಡು ನೋಡು,” ಎಂದಳು ಕ್ಯಾಪ್ಟನ್.

“ಬೇಡ ಅಕ್ಕ, ಕೂತಿದೆಯಲ್ಲ.”

“ಕೂತಿರೋದು ಕಾಗದ. ಓಡೋದೂ ಕಾಗದಾನೇನೇ?”

ಅಜ್ಜಿ ಆಗಲೇ ಇನ್ನೊಂದು ಶೂ ಮಡಿಲಲ್ಲಿಟ್ಟುಕೊಂಡು, ಹಣ್ಣು ಆರಿಸುವವಳಂತೆ ಹೆಬ್ಬೆರಳಿಂದ ಒತ್ತಿ ಒತ್ತಿ ನೋಡುತ್ತಿದ್ದಳು. “ಅಯ್ಯೋ, ಇದು ದಿಂಬು ಕಣೇ! ನನ್ನ ತಲೆದಿಂಬೂ ಇಷ್ಟು ಮೆತ್ತಗಿಲ್ಲ,” ಎಂದು ಅಂಗಡಿಯೆಲ್ಲ ಕೇಳುವಂತೆ ಕೂಗಿದಳು. ಮೂಲೆಯಲ್ಲಿ ಯಾರೋ ನಕ್ಕರು. ಕತ್ತರಿ ನಾಚಿಕೆಯಿಂದ ಕುಗ್ಗುತ್ತಿರುವಾಗ ಅಜ್ಜಿ ಬಗ್ಗಿ, ಮೊಮ್ಮಗಳ ಬೆರಳು ಮುಚ್ಚುವ ಚಪ್ಪಲಿಯನ್ನು ಮಗುವಿನ ಕಾಲಿಂದ ಕಿತ್ತಂತೆ ಕಿತ್ತಿಟ್ಟಳು. “ಹಾಕ್ಕೋ ಅಂದ್ರೆ ಹಾಕ್ಕೋ. ಯಾರೂ ತಿನ್ನಲ್ಲ ನಿನ್ನ ಕಾಲನ್ನ.”

ಆ ಗಡಿಬಿಡಿಯಲ್ಲಿ ಕಾಗದದ ಪಾದ ಶೂವಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲೆಂದು ಕತ್ತರಿ ಧಡಕ್ಕನೆ ಎದ್ದಳು. ಎದ್ದವಳ ಬರಿಗಾಲು ಕಾಗದದ ಮೇಲೆಯೇ ಬಂತು.

ಅವಳು ಕೆಳಗೆ ನೋಡಿದಳು. ಕಾಗದ ಕಾಣಲೇ ಇಲ್ಲ. ಹಿಮ್ಮಡಿಯನ್ನು ಹಿಮ್ಮಡಿಗೆ ಕೂಡಿಸಿ ಮತ್ತೆ ನಿಂತಳು. ಮುಂದೆ ಬೆರಳುಗಳು ಗೆರೆ ದಾಟಿ ನಿಂತಿದ್ದವು. ಎರಡೂ ಬದಿಯಲ್ಲಿ ಪಾದ ತಟ್ಟೆಯಲ್ಲಿ ಹಿಡಿಸದ ರೊಟ್ಟಿಯಂತೆ ಹೊರಚಾಚಿತ್ತು. ಕಿರುಬೆರಳಂತೂ ಪೂರ್ತಿ ನೆಲದ ಮೇಲೆ, ಹೊಸ್ತಿಲಾಚೆ ನಿಲ್ಲಿಸಿದ ನೆಂಟನ ಹಾಗೆ.

ಮತ್ತೆ ಕುಳಿತಳು. ಪಾದ ಸೊರಗಿ ಕಾಗದದೊಳಗೆ ಹಿಡಿಸಿತು. ಎದ್ದಳು. ಹರಡಿ ಹೊರಬಂತು. ಕುಳಿತಳು. ಎದ್ದಳು.

“ಏನಾಯ್ತೇ ಇವಳಿಗೆ?” ಎಂದಳು ಕ್ಯಾಪ್ಟನ್.

“ಅಕ್ಕ!” ಕತ್ತರಿಯ ದನಿ ಮೇಲೇರಿತು. “ನಾನು ಕೂತ್ಕೊಂಡು ಅಳತೆ ತಗೊಂಡಿದ್ದೀನಿ! ನಾನು! ಊರವರನ್ನೆಲ್ಲ ಎಬ್ಬಿಸಿ ನಿಲ್ಸೋಳು ನಾನು! ಇಷ್ಟು ದಿನ ಕೂತ ಕಾಲಿನ ಶೂ ಹಾಕ್ಕೊಂಡು ಓಡಿದ್ದೀನಿ!”

ಕ್ಯಾಪ್ಟನ್ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಡಬ್ಬಿಗಳ ಮೇಲೆ ಕುಸಿದಳು. ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವಳ ನಗು ನಿಲ್ಲಲೇ ಇಲ್ಲ. ಕತ್ತರಿಗೂ ನಗು, ಅದರ ಜೊತೆಗೆ ಕಣ್ಣಲ್ಲಿ ನೀರು. ಹಾಗಾದರೆ ಕಾಲಲ್ಲಿ ದೋಷವಿಲ್ಲ! ಪಾಪ, ನಿಂತರೆ ಅಗಲವಾಗುವ, ಓಡಿದರೆ ಇನ್ನಷ್ಟು ಹಿಗ್ಗುವ ಒಳ್ಳೆಯ ಕಾಲು. ಅದನ್ನು ತಾನೇ ಹಿಡಿದು ಸಣ್ಣ ಪೆಟ್ಟಿಗೆಯಲ್ಲಿ ತುರುಕಿದ್ದು.

ಅಷ್ಟಾದ ಮೇಲೆ ಕಪ್ಪು ಉಗುರನ್ನು ಯಾರು ನೋಡಿದರೇನು! ಅವಳು ಎರಡೂ ಕಾಲು ಚಾಚಿದಳು. “ಅಗಲದ್ದು ತನ್ನಿ. ಮುಂದೆ ಜಾಗ ಇರೋದು. ಮಕ್ಕಳ ಅಂಗಿಗೆ ಬೆಳೆಯೋಕೆ ಅಂತ ಬಿಡ್ತೀವಲ್ಲ, ಹಾಗೆ ಬೆರಳಿಗೂ ಬಿಟ್ಟಿರ್ಬೇಕು.”

ಒಂದು ಜೋಡಿ ಮೆತ್ತಗೇನೋ ಇತ್ತು. ಆದರೆ ಕೆಸರಿನಲ್ಲಿ ನಿಂತಂತೆ ಕಾಲು ಆಚೀಚೆ ಓಲಾಡಿತು. ಇನ್ನೊಂದರಲ್ಲಿ ಬೆರಳುಗಳಿಗೆ ಜಾಗವಿತ್ತು, ಹಿಮ್ಮಡಿ ಮಾತ್ರ ಪ್ರತಿ ಹೆಜ್ಜೆಗೂ ಎದ್ದು ಬರುತ್ತಿತ್ತು. ಆಮೇಲೆ ಬಂದ ಜೋಡಿಯ ಸೈಜು ಕೇಳಿ ಕತ್ತರಿ, “ಅಷ್ಟು ದೊಡ್ಡದಾ?” ಎಂದು ಒಂದು ಕ್ಷಣ ಅನುಮಾನಿಸಿದಳು. ನೋಡಲೂ ಅಂದವಿಲ್ಲ. ಒಣಹುಲ್ಲಿನ ಬಣ್ಣ, ಅಟ್ಟೆಯೋ ಎರಡು ಬೆರಳು ದಪ್ಪ.

“ದೋಣಿ ಇದ್ದ ಹಾಗಿದೆ,” ಎಂದಳು ಅಜ್ಜಿ.

ದೋಣಿ ಎಂಬ ಮಾತಿಗೇ ಕತ್ತರಿ ಸೋತಳು. ಹಾಕಿಕೊಂಡಳು, ಲೇಸ್ ಬಿಗಿದಳು, ನಿಂತಳು. ಹಿಮ್ಮಡಿ ಅಲ್ಲಾಡದೆ ಕೂತಿತು. ಮುಂದೆ ಹೆಬ್ಬೆರಳಿನಾಚೆ ಇನ್ನೊಂದು ಬೆರಳಿಗಾಗುವಷ್ಟು ಜಾಗ. ಒಳಗೆ ಐದೂ ಬೆರಳುಗಳು, ಬಹಳ ಕಾಲದ ಮೇಲೆ ಭೇಟಿಯಾದ ಅಕ್ಕತಂಗಿಯರ ಹಾಗೆ ಅಗಲಗಲವಾಗಿ ಕೂತು ಕೈಕಾಲು ಚಾಚಿದವು. ಅವಳು ಒಮ್ಮೆ ಜಿಗಿದಳು. ನೆಲ ಹಲ್ಲಿಗೆ ಬಡಿಯಲಿಲ್ಲ. ಮತ್ತೊಮ್ಮೆ ಜಿಗಿದಳು.

“ಹೊರಗೆ ಓಡಿ ನೋಡ್ಲಾ?” ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಬಾಗಿಲು ದಾಟಿ, ಪಾದಚಾರಿ ದಾರಿಯಲ್ಲಿ ಹಣ್ಣಿನ ಗಾಡಿಯವರೆಗೆ ಓಡಿ, ಅದನ್ನು ಸುತ್ತಿ ವಾಪಸ್ ಬಂದಳು. ಅಂಗಡಿಯಾಕೆ ಗಾಬರಿಯಿಂದ ಹೊಸ್ತಿಲಿಗೆ ಬಂದಿದ್ದಳು.

“ಎಲ್ಲೂ ಹೋಗಲ್ಲ ಬಿಡಮ್ಮ,” ಎಂದಳು ಅಜ್ಜಿ. “ಅಡ ಇಟ್ಟ ಹಾಗೆ ನನ್ನನ್ನ ಬಿಟ್ಟು ಹೋಗಿದ್ದಾಳಲ್ಲ.”

ಆ ಸಂಜೆಯೆಲ್ಲ ಕ್ಯಾಪ್ಟನ್ ಅವಳನ್ನು ಬೀದಿಯಲ್ಲಿ ನಡೆಸಿದಳು, ನಿಧಾನ ಓಡಿಸಿದಳು, ಎಲ್ಲಾದರೂ ಉಜ್ಜುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದಳು. ಎಲ್ಲೂ ಉಜ್ಜಲಿಲ್ಲ.

ಭಾನುವಾರ ಬೆಳಗಿನ ಬೂದುಬೆಳಕಿನಲ್ಲಿ ಹೆಂಗಸರು ಹೊರಟರು. ಮಾರುಕಟ್ಟೆ ದಾಟಿದರು. ನದಿಯ ಬದಿ ಬಂತು. ಕತ್ತರಿಯ ಜೀವವೆಲ್ಲ ಕಾಲ್ಬೆರಳಲ್ಲಿತ್ತು. ಇನ್ನೇನು ಮರಗಟ್ಟುತ್ತವೆ, ಇನ್ನೇನು. ಕಂಬ ಕಂಡಿತು, ಫಲಕ ಕಂಡಿತು. ಅಭ್ಯಾಸಬಲದಿಂದ ಅವಳ ಹೆಜ್ಜೆ ತಾನಾಗಿ ನಿಧಾನವಾಯಿತು.

“ಹೇಗಿದೆಯೇ?” ಮುಂದಿನಿಂದ ಕ್ಯಾಪ್ಟನ್ ಕೂಗಿದಳು.

ಕತ್ತರಿ ಒಳಗೇ ಬೆರಳುಗಳನ್ನು ಆಡಿಸಿದಳು. ಹೆಬ್ಬೆರಳು, ಇದೆ. ಪಕ್ಕದವುಗಳು, ಇವೆ. ಕಿರುಬೆರಳು? ಅದೂ ಕುಣಿಯುತ್ತಿದೆ!

“ಎಲ್ರೂ ಇದಾರೆ ಅಕ್ಕ!” ಎಂದು ಕೂಗಿ ಅವಳು ಕಂಬವನ್ನು ದಾಟಿದಳು.

ಸೇತುವೆಯ ರಸ್ತೆಗೂ ಪಾದಚಾರಿ ದಾರಿಗೂ ನಡುವೆ ಉದ್ದಕ್ಕೂ ಜಾಹೀರಾತಿನ ತಗಡುಗಳು. ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದರೂ ಅವಳು ನೋಡಿದ್ದು ಆ ತಗಡುಗಳನ್ನು ಮಾತ್ರ. ಈಗ ಅವುಗಳ ಇನ್ನೊಂದು ಬದಿಯಲ್ಲಿ ಅವಳಿದ್ದಳು. ಕೆಳಗೆ ನದಿ, ಮೇಲೆ ಗಾಳಿ. ಏರು ಮುಗಿದು ಇಳಿಜಾರು ಶುರುವಾಯಿತು. ಆಚೆ ದಡ ಬಂದಾಗ ಅವಳು ಕಂಬಿ ಹಿಡಿದು ನಿಂತೇಬಿಟ್ಟಳು.

ಕೆಳಗೆ ಚಪ್ಪಟೆ ತಾರಸಿಯ ದೊಡ್ಡ ಕಟ್ಟಡವಿತ್ತು. ಚಿಮಣಿಯಿಂದ ಬಿಳಿ ಹಬೆ ಏಳುತ್ತಿತ್ತು. ತಾರಸಿಯುದ್ದಕ್ಕೂ ಹಗ್ಗಗಳು, ಹಗ್ಗದ ತುಂಬ ಬಿಳಿಯೋ ಬಿಳಿ ಹಾಸುಬಟ್ಟೆಗಳು. ಗಾಳಿಗೆ ಅವು ಉಬ್ಬಿ ಏಳುತ್ತಿದ್ದವು. ನಡುವೆ ಹೆಂಗಸೊಬ್ಬಳು ಬುಟ್ಟಿ ಹಿಡಿದು, ಒಂದೊಂದನ್ನೇ ಕೊಡವಿ ಹರವುತ್ತಿದ್ದಳು.

“ಆಸ್ಪತ್ರೆ ಬಟ್ಟೆ ಒಗೆಯೋ ಜಾಗ ಅದು,” ಏದುಸಿರು ಬಿಡುತ್ತಾ ಕ್ಯಾಪ್ಟನ್ ಹೇಳಿದಳು. “ಯಾಕೇ, ಅಳ್ತಿದ್ಯಾ? ಕಾಲು ನೋಯ್ತಿದ್ಯಾ?”

“ಇಲ್ಲ ಅಕ್ಕ. ಮೋಡ ನೋಡ್ತಿದ್ದೀನಿ.”

ವಾಪಸ್ ಬರುವ ದಾರಿಯೆಲ್ಲ ಅವಳು ಹಾರಿಯೇ ಬಂದಳು. ಅಜ್ಜಿ ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಎಷ್ಟು ಹೊತ್ತಿನಿಂದ ಕಾಯುತ್ತಿದ್ದಳೋ.

“ಅಜ್ಜಿ! ಇದ್ದಾಳೆ! ಮೋಡ ಒಗೆಯೋಳು ನಿಜವಾಗ್ಲೂ ಇದ್ದಾಳೆ! ತಾರಸಿ ಮೇಲೆ, ಹಗ್ಗದ ತುಂಬ…”

“ಕೆಂಪು ಬಾಗಿಲು ಇನ್ನೂ ಇದೆಯಾ?” ಎಂದಳು ಅಜ್ಜಿ.

ಕೆಂಪು ಬಾಗಿಲಿತ್ತು. ತಾರಸಿಗೆ ಹತ್ತುವ ಮೆಟ್ಟಿಲ ತುದಿಯಲ್ಲಿ. ಅದನ್ನು ಅಜ್ಜಿ ಯಾವ ಕಥೆಯಲ್ಲೂ ಹೇಳಿರಲಿಲ್ಲ.

“ಮದುವೆಗೆ ಮುಂಚೆ ಅಲ್ಲೇ ಕಣೇ ನನ್ನ ಕೆಲಸ. ದಿನಾ ಸೇತುವೆ ಮೇಲೆ ನಡ್ಕೊಂಡೇ ಹೋಗ್ತಿದ್ದೆ. ಬಟ್ಟೆ ಒಗೆದೆ ಅಂದ್ರೆ ನೀನು ಊಟ ಮಾಡ್ತಿದ್ಯಾ? ಮೋಡ ಅಂದೆ, ನೀನು ಬಾಯಿ ತೆರೆದೆ, ನಾನು ತುತ್ತಿಟ್ಟೆ.” ಅಜ್ಜಿ ಬಗ್ಗಿ ಮೊಮ್ಮಗಳ ಶೂವಿನ ಮುಂತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. ಆಮೇಲೆ ತಲೆಯೆತ್ತಿದಾಗ ಅವಳ ಕಣ್ಣುಗಳು ಹೊಳೆಯುತ್ತಿದ್ದವು. “ಸೇತುವೆ ಮುಚ್ಚೋದು ನಾಳೆಯಿಂದ ತಾನೆ?”

“ಹೂಂ.”

“ಆ ದೋಣಿ ಅಂಗಡಿ ಇವತ್ತು ತೆಗೆದಿರುತ್ತಾ?”

“ಅಜ್ಜಿ, ನಿನ್ನ ಮಂಡಿ…”

“ನಿಧಾನಕ್ಕೆ ನಡೆಯೋಣ. ಆ ಕ್ಯಾಪ್ಟನ್‌ಗೆ ಹೇಳು, ಆಚೆ ದಡದಲ್ಲಿ ಅವಳ ಶಾಲೆ ಬಸ್ ತಂದು ನಿಲ್ಸಿರ್ಲಿ, ಬರುವಾಗ ಕೂತ್ಕೊಂಡು ಬರ್ತೀನಿ.” ಅಜ್ಜಿ ಗೋಡೆ ಹಿಡಿದು ಮೆಲ್ಲಗೆ ಮೇಲೆದ್ದಳು. ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಬಿರುಕುಬಿಟ್ಟ ಎರಡು ಅಗಲ ಪಾದಗಳನ್ನು ನೆಲಕ್ಕೆ ಗಟ್ಟಿಯಾಗಿ ಊರಿದಳು.

“ಕಾಗದ ತಗೊಂಡ್ಬಾರೆ ಗಾಳಿಪಟ. ನೋಡು, ನಿಂತೇ ಇದ್ದೀನಿ.”