ಹನ್ನೆರಡು ನೆರಿಗೆ

ಸಿನಿಮಾ ಮಂದಿರದಲ್ಲಿ ಮಧ್ಯಂತರದ ದೀಪ ಹತ್ತುವ ಹೊತ್ತಿಗೆ ದರ್ಜಿಯ ಭಾಮೈದ ತೀರ್ಪು ಕೊಟ್ಟಾಗಿತ್ತು. "ಈ ಎರಡನೇ ಭಾಗ ಮೊದಲನೇದರ ಕಾಲ ಧೂಳಿಗೂ ಸಮ ಇಲ್ಲ ಭಾವ. ಆಗ ಹೀರೋ ಹಾರಿದ್ರೆ ಎದೆ ಝಲ್ ಅಂತಿತ್ತು. ಈಗ ಸೊಳ್ಳೆ ಹಾರಿದ ಹಾಗಿದೆ."

"ನಿನ್ನ ಭಾವ ಹೊಲಿದಿದ್ದು ಇದರಲ್ಲಿಲ್ವಲ್ಲ, ಅದಕ್ಕೇ ಸಪ್ಪೆ" ಎಂದಳು ದರ್ಜಿಯ ಹೆಂಡತಿ.

ಮೂರು ವರ್ಷದ ಹಿಂದೆ, ಮೊದಲನೇ ಭಾಗಕ್ಕೆ, ಹೀರೋನ ಹೆಗಲಿಂದ ಇಳಿಬಿಡುವ ಬೂದು ಬಟ್ಟೆಯನ್ನು ಹೊಲಿದವನು ದರ್ಜಿಯೇ. ಹೊಲಿಗೆಮನೆಯಲ್ಲಿ ಅದನ್ನು ಎಲ್ಲರೂ ರೆಕ್ಕೆ ಎನ್ನುತ್ತಿದ್ದರು. ಕುತ್ತಿಗೆಯ ಹನ್ನೆರಡು ನೆರಿಗೆಗಳೂ ಬಲಕ್ಕೆ ಮಡಚಿರಬೇಕಿತ್ತು. ದರ್ಜಿ ಎಡಚ. ಅವಸರದಲ್ಲಿ ತನ್ನ ಕೈ ಹೋದತ್ತ ಹನ್ನೊಂದನ್ನು ಎಡಕ್ಕೆ ಮಡಚಿ, ಆಮೇಲೆ ಎಚ್ಚೆತ್ತು ಕೊನೆಯದನ್ನು ಮಾತ್ರ ಬಲಕ್ಕೆ ತಿರುಗಿಸಿದ್ದ. ಬಿಚ್ಚಿ ಹೊಲಿಯಲು ಸಮಯವಿರಲಿಲ್ಲ. "ಎಡಚನ ಕೈಗೆ ಕತ್ತರಿ ಕೊಟ್ಟಿದ್ದೇ ನನ್ನ ತಪ್ಪು" ಎಂದು ಉಡುಪಿನ ಮೇಷ್ಟ್ರು ಎಲ್ಲರೆದುರು ಬೈದಿದ್ದರು.

ಎರಡನೇ ಭಾಗಕ್ಕೆ ಕರೆ ಬರಲಿಲ್ಲ. ಈ ಸಲ ರೆಕ್ಕೆಯನ್ನೂ ಕಂಪ್ಯೂಟರಿನಲ್ಲೇ ಮಾಡುತ್ತಾರಂತೆ ಎಂದು ಯಾರೋ ಹೇಳಿದರು. ಅವನು ನಂಬಲಿಲ್ಲ. ತನ್ನ ಎಡಗೈಯೇ ತನ್ನ ಅನ್ನಕ್ಕೆ ಕಲ್ಲು ಹಾಕಿತೆಂದು ನಂಬಿ, ಅಂದಿನಿಂದ ಹಟ ಹಿಡಿದು ಬಲಗೈಗೆ ನೆರಿಗೆ ಕಲಿಸುತ್ತಿದ್ದ. ಗಂಟೆಯಲ್ಲಿ ಮುಗಿಯುತ್ತಿದ್ದ ಲಂಗ ಅರ್ಧ ದಿನ ತಿನ್ನುತ್ತಿತ್ತು. ಕಾದು ಬೇಸತ್ತ ಗಿರಾಕಿಗಳು ಎದುರಿನ ಅಂಗಡಿ ಹಿಡಿದಿದ್ದರು.

ದೀಪ ಆರಿತು. ಹೀರೋ ಕಟ್ಟಡದ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತ. ರೆಕ್ಕೆ ಎದ್ದಿತು. ಅಷ್ಟು ಹಗುರವಾಗಿ ಏಳುವ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಂಪ್ಯೂಟರಿನ ಮಾತು ನಿಜವೇ ಆಗಿತ್ತು. ಅಷ್ಟರಲ್ಲಿ ಹೀರೋನ ಕುತ್ತಿಗೆ ಪರದೆ ತುಂಬ ಹರಡಿಕೊಂಡಿತು. ದರ್ಜಿ ಬೆರಳು ಮಡಚಿ ಎಣಿಸಿದ. ಹನ್ನೊಂದು ಎಡಕ್ಕೆ. ಹನ್ನೆರಡನೆಯದು ಬಲಕ್ಕೆ.

"ಏನ್ರೀ ಎಣಿಸ್ತಿದೀರಿ?"

"ಏನಿಲ್ಲ, ಸುಮ್ನೆ ನೋಡು."

ಅವನಿಗೆ ಸಂತೋಷವಾಯಿತು. ಜೊತೆಗೇ, ತನ್ನನ್ನು ಕರೆಯಲಿಲ್ಲವಲ್ಲ ಎಂದು ಸಂಕಟವೂ ಆಯಿತು.

ಹೊರಗೆ ಇನ್ನೂ ಬಿಸಿಲಿತ್ತು. "ಮೊದಲನೇದೇ ವಾಸಿ ತಾನೆ ಭಾವ?" ಎಂದ ಭಾಮೈದ.

"ವಾಸಿನೇ. ಆದ್ರೆ ಇದರಲ್ಲೂ ನೆರಿಗೆ ನನ್ನದೇ ಕಣೋ. ತಪ್ಪು ಸಮೇತ ಎತ್ತಿಕೊಂಡಿದಾರೆ."

"ಅಂದ್ರೆ ಕಂಪ್ಯೂಟರೂ ಎಡಚನಾ?" ಎಂದು ಭಾಮೈದ ನಕ್ಕ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಶಾಲೆಯ ಲಂಗವೊಂದಿತ್ತು. ದರ್ಜಿ ಬಲಗೈಯಿಂದ ಎರಡು ನೆರಿಗೆ ಹಿಡಿದ, ಅಲ್ಲಿಗೇ ನಿಲ್ಲಿಸಿದ, ಬಿಚ್ಚಿದ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಎಡಗೈಯಿಂದ ಶುರುಮಾಡಿದ.

ಲಂಗ ಕೊಟ್ಟಿದ್ದ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಸಂಜೆ ಬನ್ನಿ ಎನ್ನಲು ಬಾಯಿ ತೆರೆದ ದರ್ಜಿಯ ಹೆಂಡತಿ ಗಂಡನ ಕೈಯನ್ನು ನೋಡಿದಳು.

"ಒಂದು ಗಂಟೆ ಬಿಟ್ಟು ಬನ್ನಿ" ಎಂದಳು. "ಆಗಿರುತ್ತೆ."