ಮುಟ್ಟುವ ಮೊದಲು ನೆಲ ತಟ್ಟಬೇಕು

ನಡುರಾತ್ರಿ ಅಡುಗೆಮನೆಯಲ್ಲಿ ಟಿಣ್ಣೆಂದು ಸದ್ದಾಯಿತು. ತೊಳೆದು ಬೋರಲು ಹಾಕಿದ್ದ ಪಾತ್ರೆಗಳ ಮೇಲಿಂದ ಚಮಚವೊಂದು ಜಾರಿ ಬಿದ್ದಿತ್ತು, ಅಷ್ಟೇ. ಆದರೆ ಎಲೆ ಅಲುಗಿದರೂ ಎಚ್ಚರಗೊಳ್ಳುವ ಜೀವ ಅವಳದು. ಎದೆ ಹಿಡಿದುಕೊಂಡೇ ಎದ್ದು ಬಂದಳು. ಚಮಚ ಬಿದ್ದದ್ದು ನೆಲದ ಮೇಲೆ ಮಲಗಿದ್ದ ನಾಯಿ ಶಾಯಿಯ ಮೂಗಿನಿಂದ ಗೇಣು ದೂರದಲ್ಲಿ. ಶಾಯಿ ಮಾತ್ರ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು.

ಬೀಗದ ಕೈಗೊಂಚಲನ್ನು ಅದರ ತಲೆಯ ಮೇಲೆ ಗಲಗಲ ಆಡಿಸಿದಳು. ಹೆಸರು ಹಿಡಿದು ಕೂಗಿದಳು. ಬೆಕ್ಕಾಗಿದ್ದರೆ ಸೊಕ್ಕಿನಿಂದಲಾದರೂ ಒಂದು ಕಿವಿ ತಿರುಗಿಸುತ್ತಿತ್ತು. ಇದರ ಕಿವಿಗಳು ಒದ್ದೆ ಬಟ್ಟೆಯಂತೆ ಬಿದ್ದೇ ಇದ್ದವು.

"ಅಯ್ಯೋ, ನಿನಗೆ ಕೇಳ್ಸೋದೇ ಇಲ್ವಲ್ಲೋ," ಎಂದು ಅದರ ಪಕ್ಕದಲ್ಲೇ ಕೂತಳು.

ಶಾಯಿ ಡಾಲ್ಮೇಷಿಯನ್ ನಾಯಿ. ಬಿಳಿ ಮೈಮೇಲೆ ಯಾರೋ ಪೆನ್ನು ಕೊಡವಿದಂತೆ ಕಪ್ಪು ಚುಕ್ಕೆಗಳು. ಅಚ್ಚುಕೂಟದಲ್ಲಿ ಕರಡು ತಿದ್ದುವ ಅವಳಿಗೆ ಬೇರೆ ಹೆಸರು ಹೊಳೆಯುವ ಹಾಗೇ ಇರಲಿಲ್ಲ. ಈ ಜಾತಿಯ ಚಂದಕ್ಕೆ ಮರುಳಾಗಿ ಕೊಂಡವರು, ಅದರ ಓಟಕ್ಕೆ ಸೋತು ಬೀದಿಗೆ ಬಿಡುತ್ತಾರೆ. ಹಾಗೆ ಬಿಟ್ಟ ಡಾಲ್ಮೇಷಿಯನ್‌ಗಳನ್ನು ಎತ್ತಿ ತಂದು ಹೊಸ ಮನೆ ಹುಡುಕುವ ಗುಂಪು ಅವಳ ಅಕ್ಕನದು. ಮನೆ ಸಿಗುವವರೆಗೆ ಸಾಕುವ ಕೆಲಸ ತಂಗಿಯದು. ಶಾಯಿಯನ್ನು ಒಬ್ಬ ಬೇಕರಿಯವನು ಒಯ್ದಿದ್ದ. ಮೊನ್ನೆ ತಂದು ಬಿಸಾಡಿ ಹೋದ: ಮಾತು ಕೇಳುವುದಿಲ್ಲ, ಕೈ ಕಚ್ಚಿತು ಎಂದು. ಕಚ್ಚುವ ನಾಯಿಗೆ ಗುಂಪಿನಲ್ಲಿ ಎರಡನೇ ಮನೆ ಇಲ್ಲ. ಡಾಕ್ಟರ ಬಳಿ ಒಯ್ದು ಒಂದು ಇಂಜೆಕ್ಷನ್, ಕಥೆ ಮುಗಿಯಿತು.

ಡಾಲ್ಮೇಷಿಯನ್‌ಗಳಲ್ಲಿ ಹುಟ್ಟುಕಿವುಡು ಅಪರೂಪವಲ್ಲ ಎಂದು ಅಕ್ಕನಿಗೂ ಗೊತ್ತು. ಅದಕ್ಕೇ ಅವಳ ತಟ್ಟೆ ಪರೀಕ್ಷೆ. ನಾಯಿಗಳನ್ನೆಲ್ಲ ಅಂಗಳಕ್ಕೆ ಬಿಟ್ಟು ಹಿಂದಿನಿಂದ ತಟ್ಟೆ ಬಾರಿಸುವುದು. ತಿರುಗಿ ನೋಡಿದ್ದು ಪಾಸು. ಶಾಯಿಯೂ ತಿರುಗಿತ್ತು. ಪಕ್ಕದವು ತಿರುಗಿದವು, ಇದೂ ತಿರುಗಿತು! ತಂಗಿಯ ಮನೆಯಲ್ಲೂ ಆಗ ಬೇರೆ ನಾಯಿಗಳಿದ್ದವು, ಅವನ್ನು ನೋಡಿಕೊಂಡೇ ಶಾಯಿ ಏಳುತ್ತಿತ್ತು, ಓಡುತ್ತಿತ್ತು.

ಬೆಳಕು ಹರಿಯುತ್ತಲೇ ಅಕ್ಕನ ಮನೆಗೆ ಓಡಿದಳು. ಕೈಗೆ ಪಟ್ಟಿ ಸುತ್ತಿಕೊಂಡು ಬೇಕರಿಯವನೂ ಬಂದು ಕೂತಿದ್ದ.

"ಅದರ ಬದಲು ಇನ್ನೊಂದು ಕೊಡಿ ಮೇಡಂ," ಎನ್ನುತ್ತಿದ್ದ, ಮೆತ್ತಗಾದ ಬಿಸ್ಕತ್ತು ಬದಲಿಸಿಕೊಡಿ ಎನ್ನುವಂತೆ. "ಸ್ವಲ್ಪ ಹೇಳಿದ ಮಾತು ಕೇಳೋ ಅಂಥದ್ದು."

"ಅದಕ್ಕೆ ಕಿವೀನೇ ಕೇಳ್ಸಲ್ಲ ಕಣ್ರೀ," ಎಂದಳು ತಂಗಿ. "ಕಚ್ಚಿದಾಗ ಮಲಗಿತ್ತು ತಾನೆ? ಏನು ಮಾಡಿದ್ರಿ?"

"ಕೂಗಿ ಕೂಗಿ ಗಂಟಲು ಹೋಯ್ತು. ಏಳ್ಲಿಲ್ಲ. ಲಟ್ಟಣಿಗೇಲಿ ಒಂದು ಬಿಟ್ಟೆ."

"ನಿದ್ದೇಲಿರೋವಾಗ ನಿಮಗೊಬ್ರು ಲಟ್ಟಣಿಗೇಲಿ ಬಿಟ್ರೆ ಎದ್ದು ನಮಸ್ಕಾರ ಮಾಡ್ತೀರಾ?"

"ನೋಡಿ ಮೇಡಂ, ನಿಮ್ಮ ತಂಗಿ ನಾಯಿಗಿಂತ ಜೋರಾಗಿ ಕಚ್ತಾರೆ!"

ಅಕ್ಕ ನಕ್ಕುಬಿಟ್ಟಳು. ಆ ನಗು ತಂಗಿಯ ಹೊಟ್ಟೆಗೆ ಬೆಂಕಿ ಇಟ್ಟಿತು. ಅವನು ಗೇಟು ದಾಟುವವರೆಗೆ ಹಲ್ಲು ಕಚ್ಚಿಕೊಂಡಿದ್ದು ತಿರುಗಿಬಿದ್ದಳು.

"ನಿನ್ನ ತಟ್ಟೆ ಸುಳ್ಳು ಹೇಳಿತು ಅಕ್ಕಾ. ಒಂದೊಂದೇ ನಾಯೀನ ಬೇರೆ ನಿಲ್ಲಿಸಿ ನೋಡ್ಬೇಕಿತ್ತು."

"ಮೆಲ್ಲಗೆ ಮಾತಾಡೇ! ಇದು ಹೊರಗೆ ಗೊತ್ತಾದ್ರೆ, ಕೊಟ್ಟ ನಾಯಿಗಳನ್ನೆಲ್ಲ ತಂದು ನಮ್ಮ ಗೇಟಿಗೆ ಕಟ್ಟಿ ಹೋಗ್ತಾರೆ."

"ಅದಕ್ಕೆ ಇದನ್ನ ಸಾಯಿಸ್ತೀಯಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ತಪ್ಪು ನಿಂದು, ಸೂಜಿ ಅದಕ್ಕಾ?"

ಅಕ್ಕನ ಮುಖ ಕೆಂಪೇರಿತು. "ಸರಿ, ಒಂದು ವಾರ ಇಟ್ಕೊಂಡು ತೋರಿಸು. ಕಚ್ಚದಿದ್ರೆ ನಿನ್ನ ಹತ್ರಾನೇ ಇರ್ಲಿ. ಆದ್ರೆ ಒಂದೇ ಒಂದು ಸಲ ಹಲ್ಲು ತಾಗಿದ್ರೂ ಇಂಜೆಕ್ಷನ್. ಆಮೇಲೆ ನನ್ನ ಮುಂದೆ ಮೂಗು ಸೀಟಬೇಡ."

ಅವಳ ಮಹಡಿಮನೆಯ ನೆಲ ಮರದ ಹಲಗೆಯದು. ಮಲಗಿದ ಶಾಯಿಯನ್ನು ಮುಟ್ಟುವ ಮೊದಲು ಕಾಲಿನಿಂದ ಎರಡು ಸಲ ನೆಲ ತಟ್ಟಬೇಕೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು. ಹಲಗೆ ನಡುಗಿದರೆ ಶಾಯಿ ಕಣ್ಣು ಬಿಡುತ್ತಿತ್ತು, ಅವಳನ್ನು ಕಂಡು ಬಾಲದಿಂದ ತಿರುಗಿ ನೆಲ ತಟ್ಟುತ್ತಿತ್ತು. ಅಂಗೈ ತೋರಿಸಿದರೆ ಕೂರುವುದು, ಬೆರಳು ಮಡಿಸಿದರೆ ಹತ್ತಿರ ಬರುವುದು, ಎಲ್ಲ ಕಲಿಯಿತು. ಇದನ್ನೇ ಮಾತು ಕೇಳದ ನಾಯಿ ಎಂದಿದ್ದನಲ್ಲ ಬೇಕರಿಯವನು!

ವಾರದ ಕೊನೆಯ ಮಧ್ಯಾಹ್ನ ಅಕ್ಕನ ಫೋನು ಬಂತು. "ಬೇಕರಿಯವನಿಗೆ ಆ ಸಣ್ಣ ಹೆಣ್ಣು ನಾಯಿ ಕೊಟ್ಟೆ ಕಣೇ. ಭಯ ಬೇಡ, ಕಿವಿ ಚೆನ್ನಾಗಿದೆ. ಎಲ್ಲಾ ನಾಯಿಗಳ ಜೊತೆ ನಿಲ್ಲಿಸಿ ತಟ್ಟೆ ಬಾರಿಸಿ ನೋಡ್ದೆ."

ಅದೇ ತಟ್ಟೆ, ಅದೇ ಅಂಗಳ, ಅದೇ ಲಟ್ಟಣಿಗೆ! ಅಷ್ಟು ಬಡಿದುಕೊಂಡದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತಲ್ಲ! ಫೋನು ಹಾಸಿಗೆಗೆ ಬಿಸಾಡಿದಳು. ಈಗಲೇ ಬೇಕರಿಗೆ ಹೋಗಿ ಆ ಹೆಣ್ಣು ನಾಯಿಯನ್ನು ಬಿಡಿಸಿಕೊಂಡು ಬರಬೇಕು, ಎಲ್ಲರೆದುರು ಅವನ ಮರ್ಯಾದೆ ತೆಗೆಯಬೇಕು. "ಏಳೋ, ನಡಿ!" ಎಂದು ಅಬ್ಬರಿಸುತ್ತ, ಆಚೆ ಮುಖ ಮಾಡಿ ಮಲಗಿದ್ದ ಶಾಯಿಯ ಕೊರಳಪಟ್ಟಿಗೆ ಕೈ ಹಾಕಿ ಎಳೆದಳು.

ನೆಲ ತಟ್ಟಿರಲಿಲ್ಲ.

ಹಲ್ಲು ಮುಂಗೈಗೆ ನಾಟಿದ ಮೇಲೆಯೇ ಅದು ನೆನಪಾದದ್ದು. ಶಾಯಿ ಅವಳ ಮುಖ ನೋಡಿದ್ದೇ ಬಾಯಿ ಬಿಟ್ಟಿತು. ಆಮೇಲೆ ಮೇಜಿನಡಿ ತೂರಿ, ಮೈ ಮುದುಡಿ, ಕಣ್ಣು ಮುಚ್ಚಿ ಕಾಯತೊಡಗಿತು. ಯಾವುದಕ್ಕೆ ಕಾಯುತ್ತಿದೆಯೆಂದು ಅವಳಿಗೆ ತಿಳಿಯಿತು. ಲಟ್ಟಣಿಗೆಗೆ.

ನಲ್ಲಿ ಬಿಟ್ಟು ಸೋಪು ಹಚ್ಚಿ ಗಾಯವನ್ನು ತೊಳೆದೇ ತೊಳೆದಳು. ಉರಿ ತಲೆಗೇರಿತು. ನಾಯಿಗೆ ಲಸಿಕೆ ಹಾಕಿಸಿದ್ದವಳು ಅವಳೇ, ರೇಬಿಸ್‌ನ ಭಯವಿಲ್ಲ. ಭಯವೆಲ್ಲ ಅಕ್ಕನ ಇಂಜೆಕ್ಷನ್ನಿನದು. ತಪ್ಪು ನಂದು, ಸೂಜಿ ಅದಕ್ಕಾ? ತಾನೇ ಆಡಿದ ಮಾತು ಮುಂಗೈಯಲ್ಲಿ ಚುಳುಚುಳು ಎನ್ನುತ್ತಿತ್ತು.

ಬಟ್ಟೆ ಸುತ್ತಿ, ಅದರ ಮೇಲೆ ಉದ್ದ ತೋಳಿನ ಸ್ವೆಟರ್ ಎಳೆದುಕೊಂಡಳು. ಮೇಜಿನ ಹತ್ತಿರ ಬಂದು ಎರಡು ಸಲ ನೆಲ ತಟ್ಟಿ, ಬೆರಳು ಮಡಿಸಿದಳು. ಬಹಳ ಹೊತ್ತಿನ ಮೇಲೆ ಶಾಯಿ ತೆವಳುತ್ತ ಬಂತು.

ಬೇಕರಿಗೆ ಹೋಗಲೇಬೇಕು, ಆ ನಾಯಿಯನ್ನು ತರಲೇಬೇಕು. ಕೈಗೇನಾಯಿತೆಂದು ಯಾರಾದರೂ ಕೇಳಿದರೆ, ಬಾಗಿಲ ಸಂದಿಗೆ ಸಿಕ್ಕಿತು ಎಂದರಾಯಿತು. ಕಚ್ಚಿದ್ದನ್ನು ಯಾರಿಗೂ ಹೇಳುವುದಿಲ್ಲ. ಅಕ್ಕನಿಗಂತೂ, ಸತ್ತರೂ ಇಲ್ಲ.